ಫೋಟೊ ತೆಗೆಯುವ ಮುಂಚೆ ನಮ್ಮನ್ನು ಕೇಳಿ

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಂದು ಶೂ ರಿಪೇರಿ ಅಂಗಡಿ ಇದೆ. ಒಬ್ಬ ಕೂತು ಹೊಲಿಯಬಹುದು, ಇನ್ನೊಬ್ಬ ನಿಂತು ಕಾಯಬಹುದು. ಮೂರನೆಯವನು ಬಂದರೆ ರಸ್ತೆಯಲ್ಲಿ ನಿಲ್ಲಬೇಕು. ಅಂಗಡಿಯವನು ಹಳೆಯದನ್ನು ಸರಿಮಾಡುತ್ತಾನೆ, ಹೊಸದನ್ನೂ ಹೊಲಿಯುತ್ತಾನೆ. ಆ ಬೀದಿಯ ಅರ್ಧ ಮಕ್ಕಳು ಶಾಲೆಗೆ ಹೋಗುವುದು ಅವನು ಹೊಲಿದ ಶೂ ಹಾಕಿಕೊಂಡೇ.

ಒಂದು ಸಂಜೆ ಏಳನೇ ಕ್ಲಾಸಿನಲ್ಲಿ ಓದುವ ಅವನ ಮಗಳು ಓಡಿ ಬಂದು ಬಣ್ಣದ ಕರಪತ್ರವೊಂದನ್ನು ಅವನ ಮುಂದೆ ಹಿಡಿದಳು.

"ಅಪ್ಪ, ನನ್ನ ಫೋಟೊ ಬಂದಿದೆ ನೋಡು. ನಮ್ಮ ಜೊತೆ ಕಂಪ್ಯೂಟರಲ್ಲಿ ಮಾತಾಡ್ತಾರಲ್ಲ, ಆ ದೂರದ ದೇಶದ ಶಾಲೆಯವರು ಅಚ್ಚು ಹಾಕ್ಸಿದಾರೆ. ಒಂದು ಕಟ್ಟು ಕಳ್ಸಿದಾರೆ."

ಅವನು ಕೈಗೆ ಅಂಟಿದ್ದ ಗೋಂದನ್ನು ಒರೆಸಿಕೊಂಡು ನೋಡಿದ. ಮಗಳು ಶಾಲೆಯ ಗೋಡೆಗೆ ಒರಗಿ ನಿಂತಿದ್ದಳು. ಮುಖ ಚೆನ್ನಾಗಿ ಬಂದಿತ್ತು. ಕಾಲಲ್ಲಿ ಏನೂ ಇರಲಿಲ್ಲ.

"ಶೂ ಎಲ್ಲಿ ಹೋಯ್ತು?"

"ಫೋಟೊಗೆ ಅಂತ ಬಿಚ್ಚಿದ್ದೆ."

"ಕೆಳಗೇನೋ ಬರ್ದಿದಾರಲ್ಲ. ಏನಂತೆ?"

ಬರಹ ಆ ದೇಶದ ಭಾಷೆಯಲ್ಲಿತ್ತು. ಮಗಳಿಗೆ ಅಷ್ಟು ಓದಲು ಬರುತ್ತಿತ್ತು. ಆದರೂ ಹೇಳಲು ತಡಮಾಡಿದಳು. "ಈ ಹುಡುಗಿಗೆ ಹಾಕ್ಕೊಳ್ಳೋಕೆ ಶೂ ಇಲ್ಲ, ಆದ್ರೂ ಓದೋ ಆಸೆ ಇದೆ, ಸಹಾಯ ಮಾಡಿ ಅಂತ."

ಪಕ್ಕದ ಸೈಕಲ್ ಅಂಗಡಿಯವನು ಇಣುಕಿ ನೋಡಿದ. "ಏನಣ್ಣ, ಊರಿಗೆಲ್ಲ ಹೊಲ್ದು ಹೊಲ್ದು ಮಗಳನ್ನೇ ಮರೆತುಬಿಟ್ಯಾ?" ತಮಾಷೆಗೆ ಅಂದಿದ್ದ. ಅಂಗಡಿಯವನ ಮುಖ ನೋಡಿ ಸುಮ್ಮನೆ ಪಂಪು ಹಿಡಿದು ಒಳಗೆ ಹೋದ.

ಮಗಳ ಶಾಲೆಗೂ ಶ್ರೀಮಂತ ದೇಶವೊಂದರ ಶಾಲೆಗೂ ಹಿಂದಿನ ವರ್ಷ ಒಪ್ಪಂದವಾಗಿತ್ತು. ವಾರಕ್ಕೊಮ್ಮೆ ಎರಡೂ ಕಡೆಯ ಮಕ್ಕಳು ಕಂಪ್ಯೂಟರ್ ಪರದೆಯಲ್ಲಿ ಮಾತಾಡುತ್ತಿದ್ದರು. ದಿನಾ ಮಧ್ಯಾಹ್ನ ತಂತಮ್ಮ ತರಗತಿ ಎಷ್ಟು ಬಿಸಿಯಾಗಿದೆ ಎಂದು ಅಳೆದು, ಆ ಲೆಕ್ಕ ಇಟ್ಟುಕೊಂಡು ಪಾಠ ಕಲಿಯುತ್ತಿದ್ದರು. ಇಲ್ಲಿನ ಮಕ್ಕಳ ತಂಡಕ್ಕೆ ಇವಳೇ ಮುಂದಾಳು. ಇಲ್ಲಿ ತಗಡಿನ ಚಾವಣಿ. ಬೇಸಿಗೆಯಲ್ಲಿ ಬೆಂಚು ಮುಟ್ಟಿದರೆ ಸುಡುತ್ತದೆ. ಅದನ್ನು ತೆಗೆಸಿ ಗಟ್ಟಿ ಚಾವಣಿ ಹಾಕಿಸಲು ಆ ಶಾಲೆಯವರು ತಮ್ಮ ಊರಿನಲ್ಲಿ ಹಣ ಕೂಡಿಸುತ್ತಿದ್ದರು. ಕರಪತ್ರ ಅದಕ್ಕಾಗಿ.

ಊಟಕ್ಕೆ ಕೂತಾಗ ಅಪ್ಪ ತೀರ್ಮಾನ ಹೇಳಿದ. "ನಾಳೆಯಿಂದ ಆ ಪರದೆ ಕ್ಲಾಸಿಗೆ ಇವಳು ಹೋಗೋದು ಬೇಡ."

ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳ ಅಮ್ಮ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ದಿನವಿಡೀ ನಿಂತು ಸೊಂಟ ಹಿಡಿದಿತ್ತು. ಅವಳಿಗೆ ಸುತ್ತಿ ಬಳಸಿ ಮಾತಾಡುವಷ್ಟು ತಾಳ್ಮೆ ಉಳಿದಿರಲಿಲ್ಲ.

"ನಿಮ್ಮ ಮರ್ಯಾದೆ ಹೋಯ್ತು ಅಂತ ಅವಳ ಪಾಠ ಯಾಕೆ ನಿಲ್ಲಿಸ್ತೀರಿ?"

"ನನ್ನೊಬ್ಬನ ಮರ್ಯಾದೆ ಏನೇ? ನಾಳೆ ಇವಳು ದೊಡ್ಡವಳಾದ ಮೇಲೂ ಆ ಫೋಟೊ ಎಲ್ಲೋ ಇರುತ್ತೆ. ಯಾರೋ ನೋಡಿ ಅಯ್ಯೋ ಪಾಪ ಅಂತಾರೆ."

"ಸರಿ. ಇವಳನ್ನ ಮನೇಲಿ ಕೂರಿಸಿದ್ರೆ ಫೋಟೊ ಮಾಯ ಆಗುತ್ತಾ?"

ಅವನು ಹಟ ಬಿಡಲಿಲ್ಲ. ಮರುದಿನ ಆ ವಾರದ ಪರದೆ ಕ್ಲಾಸಿತ್ತು; ಮಗಳು ಆ ಕೋಣೆಗೆ ಹೋಗದೆ ಹೊರಗಿನ ಕಟ್ಟೆ ಮೇಲೆ ಕೂತಳು. ಥರ್ಮಾಮೀಟರನ್ನು ಬೇರೆ ಹುಡುಗಿಯ ಕೈಗೆ ಕೊಟ್ಟರು.

ಶಾಲೆ ಬಿಟ್ಟ ಮೇಲೆ ವಿಜ್ಞಾನದ ಮೇಡಂ ಅಂಗಡಿಗೆ ಬಂದರು. ಎರಡೂ ಶಾಲೆಗಳ ನಡುವಿನ ಕೆಲಸ ನೋಡಿಕೊಳ್ಳುವವರು ಅವರೇ. ಫೋಟೊ ತೆಗೆದ ದಿನ ಅವರು ತರಬೇತಿಗೆ ಹೋಗಿದ್ದರು.

"ಅಣ್ಣ, ಕರಪತ್ರ ನಾನೂ ನೋಡಿದ್ದು ನಿನ್ನೆನೇ. ನಿಮಗೆ ಸಿಟ್ಟು ಬಂದಿರೋದು ಸರಿ."

"ಸರಿ ಅಂದ್ರೆ ಮುಗೀತಲ್ಲ ಮೇಡಂ. ದೊಡ್ಡ ದೇಶದವರ ಸಹವಾಸ ನಮಗ್ಯಾಕೆ? ನಾವು ಕೈ ಚಾಚ್ಕೊಂಡು ನಿಂತಂಗೆ ಕಾಣ್ಬೇಕು, ಆಗ್ಲೇ ಅವರಿಗೆ ಸಮಾಧಾನ."

"ಒಂದು ಮಾತು ಹೇಳ್ತೀನಿ, ಕೇಳಿ. ಅವರದು ಗಾಜಿನ ಕಟ್ಟಡ. ಚಳಿಗೆ ಅಂತ ಕಟ್ಟಿದ್ದು. ಹೋದ ಬೇಸಿಗೇಲಿ ಅಲ್ಲಿ ಬಿಸಿಲು ಜಾಸ್ತಿ ಆಗಿ ಮಕ್ಕಳು ಒದ್ದಾಡಿದ್ರು. ಕಿಟಕಿಗೆ ಹೊರಗಡೆಯಿಂದ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿ ಅಂತ ಹೇಳ್ಕೊಟ್ಟಿದ್ದು ಯಾರು ಗೊತ್ತಾ? ನಿಮ್ಮ ಮಗಳು."

ಅವನ ಸುತ್ತಿಗೆ ನಿಂತಿತು. "ನಮಗೆ ಹೇಳೇ ಇಲ್ವಲ್ಲ ಅವಳು."

"ನೀವು ಕೇಳಿದ್ರಾ?"

"ಅದನ್ನ ಕರಪತ್ರದಲ್ಲಿ ಹಾಕಿದಾರಾ?"

"ಇಲ್ಲ. ತಪ್ಪು ಅಲ್ಲೇ ಇರೋದು. ನೋಡಿ ಅಣ್ಣ, ಇದು ದಾನ ಅಲ್ಲ. ಇಬ್ಬರೂ ಕೊಡಬೇಕು, ಇಬ್ಬರೂ ಕಲೀಬೇಕು ಅಂತ ಒಪ್ಪಂದ. ದಾನ ಕೊಟ್ಟೋರನ್ನ ಪ್ರಶ್ನೆ ಕೇಳೋದು ಕಷ್ಟ. ಜೊತೇಲಿ ಕೆಲಸ ಮಾಡೋರನ್ನ ಕೇಳಬಹುದು. ಮಗಳನ್ನ ಬಿಡಿಸಿದ್ರೆ ಆ ಫೋಟೊ ಅಲ್ಲೇ ಇರುತ್ತೆ, ಕೇಳೋಕೆ ನೀವು ಇರಲ್ಲ. ಈ ಸಲದ ಪೋಷಕರ ಸಭೆಗೆ ಬನ್ನಿ. ಅವರೂ ಪರದೇಲಿ ಇರ್ತಾರೆ."

"ಅವರ ಭಾಷೆ ನಂಗೆಲ್ಲಿ ಬರುತ್ತೆ?"

"ನಿಮ್ಮ ಭಾಷೇಲೇ ಬೈಯಿರಿ. ನಾನು ಸ್ವಲ್ಪ ಉಪ್ಪು ಖಾರ ಕಡಿಮೆ ಮಾಡಿ ಹೇಳ್ತೀನಿ."

ಅವನಿಗೆ ಬೇಡವೆಂದರೂ ನಗು ಬಂತು.

ಸಭೆಯ ದಿನ ಅಂಗಡಿಗೆ ಬಾಗಿಲು ಹಾಕಿ ಗಂಡ ಹೆಂಡತಿ ಇಬ್ಬರೂ ಮಗಳನ್ನು ಕರೆದುಕೊಂಡು ಹೋದರು. ಕಂಪ್ಯೂಟರ್ ಕೋಣೆಯಲ್ಲಿ ಪೋಷಕರು ಹೆಚ್ಚಿರಲಿಲ್ಲ. ಫ್ಯಾನು ತಗಡಿನ ಬಿಸಿಯನ್ನೇ ಕೆಳಗೆ ತಳ್ಳುತ್ತಿತ್ತು. ಹೆಡ್‌ಮಾಸ್ಟರು ಅವನನ್ನು ಬಾಗಿಲಲ್ಲೇ ಪಕ್ಕಕ್ಕೆ ಕರೆದರು.

"ಸ್ವಲ್ಪ ನಿಧಾನವಾಗಿ ಮಾತಾಡಪ್ಪ. ಚಾವಣಿ ವಿಷಯ ಇದೆ."

ಪರದೆಯಲ್ಲಿ ನರೆಗೂದಲಿನ ಟೀಚರ್ ಒಬ್ಬರು ಕೂತಿದ್ದರು. ನಗುನಗುತ್ತಾ ಎಲ್ಲರಿಗೂ ನಮಸ್ಕಾರ ಹೇಳಿದರು. ಕೆಟ್ಟವರ ಹಾಗೆ ಕಾಣಲಿಲ್ಲ. ಶೂ ಅಂಗಡಿಯವನು ಎದ್ದು ನಿಂತು ಕರಪತ್ರವನ್ನು ಕ್ಯಾಮೆರಾದ ಹತ್ತಿರ ಹಿಡಿದ.

"ನನ್ನ ಕೆಲಸ ಶೂ ಹೊಲಿಯೋದು. ಇವಳು ನನ್ನ ಮಗಳು. ಇವಳ ಕಾಲಲ್ಲಿದ್ದ ಶೂ ಬಿಚ್ಚಿಸಿದ್ದು ಯಾರು?"

ಮೇಡಂ ಅದನ್ನು ಆ ಭಾಷೆಯಲ್ಲಿ ಹೇಳಿದರು. ಪರದೆಯ ಟೀಚರ್ ಮುಖದ ನಗು ಹೋಯಿತು. ನಾವು ಬಿಚ್ಚಿಸಲಿಲ್ಲ, ನಿಮ್ಮ ಶಾಲೆಯಿಂದ ಬಂದ ಫೋಟೊದಲ್ಲಿ ಅವಳು ಹಾಗೇ ನಿಂತಿದ್ದಳು, ದಿನಾ ಹಾಗೇ ಬರುತ್ತಾಳೆ ಅಂದುಕೊಂಡೆವು ಎಂದರು.

"ಮತ್ಯಾರು?"

ಮಗಳು ಮೆಲ್ಲಗೆ ಹೇಳಿದಳು. "ಹೆಡ್‌ಮಾಸ್ಟರ್ ಸರ್ ಹೇಳಿದ್ದು ಅಪ್ಪ."

ಕೋಣೆಯಲ್ಲಿದ್ದವರೆಲ್ಲ ಹೆಡ್‌ಮಾಸ್ಟರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹೌದು, ನಾನೇ ಹೇಳಿದ್ದು. ಎಲ್ಲ ನೀಟಾಗಿ ಕಂಡ್ರೆ ಇವರಿಗೇನೂ ಬೇಕಾಗಿಲ್ಲ ಅಂತ ಹೋಗಿಬಿಡ್ತಾರೆ ಅಂದ್ಕೊಂಡೆ. ಯಾರ್ಯಾರ ಬಾಗಿಲಿಗೆ ಅಲೆದಿದೀನಿ ಈ ಚಾವಣಿಗೆ. ಮಕ್ಕಳು ತಗಡಿನ ಕೆಳಗೆ ಬೇಯ್ತಿರೋದು ಸುಳ್ಳೇನಪ್ಪ?"

"ಸುಳ್ಳಲ್ಲ ಸರ್. ತಗಡಿನ ಫೋಟೊ ತೆಗೆಸಬೇಕಿತ್ತು."

ಹೆಡ್‌ಮಾಸ್ಟರು ಕೂತುಬಿಟ್ಟರು. ಅವರ ಮೇಲೆ ಯಾರಿಗೂ ಪೂರ್ತಿ ಸಿಟ್ಟು ಬರಲಿಲ್ಲ. ಆ ಶಾಲೆಗೋಸ್ಕರ ಅವರು ಪಟ್ಟ ಪಾಡು ಎಲ್ಲರಿಗೂ ಗೊತ್ತಿತ್ತು.

ಅಂಗಡಿಯವನು ಪರದೆಯ ಕಡೆ ತಿರುಗಿದ. "ಇನ್ನೊಂದು ಕೇಳ್ಬೇಕು. ಇದರಲ್ಲಿ ನಮ್ಮ ಮಕ್ಕಳೇ ತುಂಬಿದಾರೆ. ನಿಮ್ಮ ಮಕ್ಕಳ ಮುಖ ಒಂದೂ ಇಲ್ವಲ್ಲ, ಯಾಕೆ?"

ಟೀಚರ್ ಉತ್ತರಿಸಿದರು. ಮೇಡಂ ಅದನ್ನು ಕನ್ನಡದಲ್ಲಿ ಹೇಳಿದರು. "ಅಲ್ಲಿ ಮಕ್ಕಳ ಫೋಟೊ ಅಚ್ಚು ಹಾಕಬೇಕಾದ್ರೆ ಅಪ್ಪ ಅಮ್ಮನ ಒಪ್ಪಿಗೆ ಬೇಕಂತೆ. ಅದಕ್ಕೆ ತಡ ಆಗುತ್ತೆ ಅಂತ ಬಿಟ್ಟರಂತೆ."

"ಹಾಗಾದ್ರೆ ಇವಳಿಗೆ ನಾನೇನಾಗಬೇಕು?"

ಮೇಡಂ ಈ ಮಾತಿಗೆ ಉಪ್ಪು ಖಾರ ಕಡಿಮೆ ಮಾಡಲಿಲ್ಲ. ಇದ್ದ ಹಾಗೇ ಹೇಳಿದರು.

ಪರದೆಯ ಟೀಚರ್, ನಿಮ್ಮನ್ನು ಕೇಳಬೇಕು ಎಂದು ನಮಗೆ ಹೊಳೆಯಲೇ ಇಲ್ಲ, ಅದು ನಮ್ಮ ತಪ್ಪು ಎಂದರು. ಉಳಿದ ಕರಪತ್ರ ಹಂಚುವುದಿಲ್ಲ, ಶಾಲೆಯ ಜಾಲತಾಣದಿಂದಲೂ ಫೋಟೊ ತೆಗೆಸುತ್ತೇವೆ ಎಂದರು. ಈಗಾಗಲೇ ಹಂಚಿದ್ದನ್ನು ವಾಪಸ್ ತರಲಾಗದು ಎಂಬುದನ್ನೂ ಮುಚ್ಚಿಡಲಿಲ್ಲ. ಹೊಸ ಕರಪತ್ರವನ್ನು ಎರಡೂ ಶಾಲೆಯ ಮಕ್ಕಳು ಸೇರಿ ಬರೆಯಲಿ, ಪೋಷಕರು ಓದಿ ಒಪ್ಪಿದ ಮೇಲೆ ಅಚ್ಚಿಗೆ ಹೋಗಲಿ ಎಂದು ತೀರ್ಮಾನವಾಯಿತು.

"ಅಯ್ಯೋ ಪಾಪ ಅನ್ನಿಸದಿದ್ರೆ ಜನ ದುಡ್ಡು ಕೊಡ್ತಾರಾ?" ಹೆಡ್‌ಮಾಸ್ಟರು ತಮ್ಮಷ್ಟಕ್ಕೇ ಅಂದುಕೊಂಡರು.

"ಕಡಿಮೆ ಕೊಡಬಹುದು ಸರ್," ಎಂದಳು ಹುಡುಗಿಯ ಅಮ್ಮ. "ಕಡಿಮೆ ಬಂದ್ರೆ ನಾವೂ ಸೇರಿ ಸರ್ಕಾರದ ಕಚೇರಿಗೆ ಬರ್ತೀವಿ. ಇಷ್ಟು ದಿನ ನೀವೊಬ್ಬರೇ ಹೋಗ್ತಿದ್ರಿ. ಅದು ನಮ್ಮದೂ ತಪ್ಪು."

ಮಗಳು ಅಪ್ಪನ ಮುಖ ನೋಡುತ್ತಿದ್ದಳು. ಅವನು ಕೂತು, ಬೆವರು ಒರೆಸಿಕೊಂಡು, ಅವಳ ಕಡೆ ವಾಲಿದ. "ಆ ಗೋಣಿಚೀಲದ ವಿಷಯ ಹೊಸದರಲ್ಲಿ ಬರೀತೀಯಾ?"

"ಬರೀಲಾ ಅಪ್ಪ?"

"ಮತ್ತೆ? ನಾಳೆಯಿಂದ ಹೋಗು ಕ್ಲಾಸಿಗೆ."

ಹೆಡ್‌ಮಾಸ್ಟರ ಅನುಮಾನ ಪೂರ್ತಿ ಸುಳ್ಳಾಗಲಿಲ್ಲ. ಹಣ ಅಂದುಕೊಂಡಷ್ಟು ಬೇಗ ಬರಲಿಲ್ಲ. ಬೇಸಿಗೆಯ ಹೊತ್ತಿಗೆ ಸಣ್ಣ ಮಕ್ಕಳ ಎರಡು ಕೋಣೆಗಳಿಗೆ ಮಾತ್ರ ಹೊಸ ಚಾವಣಿ ಬಂತು. ಏಳನೇ ಕ್ಲಾಸು ಇನ್ನೂ ತಗಡಿನ ಕೆಳಗೇ ಇದೆ. ಆದರೆ ಮಕ್ಕಳು ಅಳೆದಿಟ್ಟ ಬಿಸಿಯ ಲೆಕ್ಕ ಹಿಡಿದು ಪೋಷಕರು ಕಚೇರಿಗೆ ಎರಡು ಸಲ ಹೋಗಿ ಬಂದಿದ್ದಾರೆ, ಇನ್ನೊಂದು ಸಲ ಹೋಗುವವರಿದ್ದಾರೆ. ಸಭೆಗೆ ಈಗ ಕುರ್ಚಿ ಸಾಲುವುದಿಲ್ಲ. ಸೈಕಲ್ ಅಂಗಡಿಯವನೂ ಬರುತ್ತಾನೆ. ಅವನ ಮಗ ಐದನೇ ಕ್ಲಾಸು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಕ್ಕಳ ಶಾಲೆಗೂ ದೂರದ ದೇಶದ ಶಾಲೆಗೂ ಇಂಥ ನಂಟು ಇರಬಹುದು, ನಾಳೆ ಬರಬಹುದು. ಅದು ಒಳ್ಳೆಯದು. ಹೆದರಿ ಮಕ್ಕಳನ್ನು ಬಿಡಿಸಬೇಡಿ. ಹಾಗೆಂದು ಕಣ್ಣು ಮುಚ್ಚಿಕೊಂಡು ಕಳಿಸಲೂ ಬೇಡಿ. ನಿಮ್ಮ ಮಕ್ಕಳು ಅವರಿಗೆ ಏನು ಕಲಿಸಿದರು ಎಂದು ಮನೆಯಲ್ಲಿ ವಿಚಾರಿಸಿ. ಫೋಟೊ ಎಲ್ಲಿಗೆ ಹೋಗುತ್ತದೆ, ಅದರ ಕೆಳಗೆ ಏನು ಬರೆಯುತ್ತಾರೆ ಎಂದು ತಿಳಿದುಕೊಂಡ ಮೇಲೆಯೇ ಒಪ್ಪಿಗೆ ಕೊಡಿ. ಇಲ್ಲದ ಬಡತನ ತೋರಿಸಬೇಡಿ, ಇರುವ ಕಷ್ಟ ಮುಚ್ಚಿಡಬೇಡಿ. ಭಾಷೆ ಬಾರದಿದ್ದರೂ ಸಭೆಗೆ ಹೋಗಿ, ಅವರ ಮಕ್ಕಳಿಗಿರುವ ನಿಯಮ ನಮ್ಮ ಮಕ್ಕಳಿಗೂ ಇದೆಯೇ ಎಂದು ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.