ಮಗಳ ಸೈಕಲ್ ಏರಿದ ರಜಾಕ

ಕಾಲು ಮುರಿದವನ ಮನೆಗೆ ಬಂದವರೆಲ್ಲ ವೈದ್ಯರೇ. ಕನ್ನೊಳ್ಳಿಯ ಬಳೆ ವ್ಯಾಪಾರಿ ಅಬ್ದುಲರಜಾಕನ ಎಡಗಾಲು ಮುರಿದಾಗಲೂ ಹಾಗೇ ಆಯಿತು. ಆರು ತಿಂಗಳು ಮಂಚ ಬಿಟ್ಟು ಏಳಬೇಡ ಎಂದರು ಒಬ್ಬರು. ಸೈಕಲ್ಲಿನ ಮಾತೇ ಮರೆ ಎಂದರು ಇನ್ನೊಬ್ಬರು. ಮೂರು ತಿಂಗಳ ಮೇಲೆ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬು ಕೂಡಿದೆ, ನಿಧಾನಕ್ಕೆ ಸೈಕಲ್ ತುಳಿಯಬಹುದು ಎಂದರು.

ರಜಾಕ ಆ ‘ನಿಧಾನಕ್ಕೆ’ ಎಂಬುದನ್ನು ಅಲ್ಲೇ ಬಿಟ್ಟು ಬಂದ. ಮರುದಿನವೇ ಬಳೆ ಪೆಟ್ಟಿಗೆಯನ್ನು ಹಿಂದೆ ಬಿಗಿದು, ಎಡಗಾಲನ್ನು ಪೆಡಲ್ ಮೇಲಿಟ್ಟು, ನಾಲ್ಕು ಹೆಜ್ಜೆ ತಳ್ಳಿ, ಬಲಗಾಲನ್ನು ಸೀಟಿನ ಮುಂದಿನ ಅಡ್ಡ ದಂಡಿಯ ಮೇಲಿಂದ ಹಾಯಿಸಿದ. ಇಪ್ಪತ್ತು ವರ್ಷ ಹಾಗೆಯೇ ಹತ್ತಿದವನು. ಕೂತು ಕೂತು ಬಡಕಲಾಗಿದ್ದ ಕಾಲು ಭಾರ ತಡೆಯಲಿಲ್ಲ, ಸೈಕಲ್ ಸಮೇತ ಬಿದ್ದ. ಬಳೆ ಒಡೆದವು, ಮೊಣಕಾಲು ಬಾತಿತು.

ಪುಣ್ಯಕ್ಕೆ ಎಲುಬಿಗೆ ಏನೂ ಆಗಿರಲಿಲ್ಲ. ಧೈರ್ಯ ಮಾತ್ರ ಹೋಗಿತ್ತು. ಸೈಕಲ್ ಮಾರಿಬಿಡುತ್ತೇನೆ ಎಂದು ಕೂತ. ಹಳ್ಳಿ ಹಳ್ಳಿ ತಿರುಗಿ ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸಿದವನಿಗೆ ಮನೆಯ ಮೂಲೆ ಒಗ್ಗಲಿಲ್ಲ.

ಆರೋಗ್ಯ ಕೇಂದ್ರದ ನರ್ಸ್ ಸುಜಾತಾ ಬಂದು ನೋಡಿದಳು. ಎರಡು ವಾರ ಕಾಲಿನ ವ್ಯಾಯಾಮ ಮಾಡಿಸಿದಳು: ಕುರ್ಚಿಯಲ್ಲಿ ಕೂತು ಕಾಲು ಚಾಚುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಆಮೇಲೆ ಅಂಗಳದಲ್ಲಿದ್ದ, ರಜಾಕನ ಮಗಳು ಅಫ್ರೀನಳ ಸೈಕಲ್ ತೋರಿಸಿದಳು.

“ಕಾಕಾ, ಇದಕ್ಕ ಮುಂದ ದಂಡಿ ಇಲ್ಲ, ಕಾಲು ಎತ್ತಿ ಹಾಯಿಸೂದು ಬ್ಯಾಡ. ಸೀಟು ಇಳಸೋಣ, ಎರಡೂ ಪಾದ ನೆಲಕ್ಕ ಊರಬೇಕು. ಪೆಟಗಿ ಬ್ಯಾಡ, ದಿಬ್ಬ ಬ್ಯಾಡ. ದಿನಾ ಹತ್ತು ನಿಮಿಷ ಸಾಕು.”

“ಹುಡುಗ್ಯಾರ ಸೈಕಲ್ ಮ್ಯಾಲೆ ಹೊಂಟ್ರ ಮಂದಿ ನಗತಾರ್ರಿ ಅಕ್ಕಾರ.”

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ರಜಾಕನ ತಾಯಿ ಖಾತುನಬಿ ತಲೆ ಎತ್ತದೆಯೇ ಅಂದಳು, “ನಗಲಿ. ಮೂರು ತಿಂಗಳು ನಿನ್ನ ಕಾಲು ತೊಳದಾಕಿ ನಾನು. ನಗೋರು ಯಾರೂ ಬಿಸಿನೀರು ಹಿಡಕೊಂಡು ಬರಲಿಲ್ಲ.”

ರಜಾಕ ಎದ್ದು ಮಗಳ ಸೈಕಲ್ಲಿನ ಸೀಟು ಇಳಿಸಿದ. ಮರುದಿನ ಶಾಲೆಯ ಬಯಲಿನಲ್ಲಿ ಸೈಕಲ್ ಏರಿದ. ಅಫ್ರೀನ ಹಿಂದೆ ಹಿಡಿದು ಓಡಿದಳು. ಚಹಾದಂಗಡಿಯವರು ನಕ್ಕರು, ಸ್ವಲ್ಪ ಹೊತ್ತಿಗೆ ಅವನಿಗೂ ನಗು ಬಂತು. ಕಾಲು ಬಾತ ದಿನ ತುಳಿಯದೆ ಸುಜಾತಾಳಿಗೆ ಫೋನು ಮಾಡಿದ. ಆರನೆಯ ವಾರ ತನ್ನ ಸೈಕಲ್ಲನ್ನೇ ಖಾಲಿಯಾಗಿ ತುಳಿದ, ಡಾಕ್ಟರನ್ನು ಕೇಳಿಕೊಂಡು ಆಮೇಲೆ ಪೆಟ್ಟಿಗೆ ಕಟ್ಟಿದ.

ಪಕ್ಕದ ಹಳ್ಳಿಯ ಹನಮವ್ವ ಅವನನ್ನು ಕಂಡು, “ನೀ ಬರ್ತಿ ಅಂತ ಬ್ಯಾರೇದವ್ರ ಕಡೆ ಬಳಿ ಇಡಿಸ್ಕೊಂಡಿಲ್ಲಪಾ” ಎಂದು ಕೈ ಚಾಚಿದಳು. ರಜಾಕನ ಕಣ್ಣು ತುಂಬಿ ಬಂದವು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಾಲಿಗೆ ಪೆಟ್ಟಾಗಿ ಕೂತವರಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಅವರು ಹೂಂ ಎಂದ ಮೇಲೆ ತಗ್ಗಿದ ಸೀಟು, ಖಾಲಿ ಕ್ಯಾರಿಯರ್, ಸಪಾಟು ದಾರಿಯಿಂದ ಶುರು ಮಾಡಿಸಿ. ನೋವು, ಬಾವು ಕಂಡರೆ ನಿಲ್ಲಿಸಿ ತೋರಿಸಿ. ಇನ್ನು, ದೊಡ್ಡ ಮನುಷ್ಯನೊಬ್ಬ ಹುಡುಗಿಯರ ಸೈಕಲ್ ಮೇಲೆ ಮೆಲ್ಲಗೆ ಬರುತ್ತಿದ್ದರೆ ನಗಬೇಡಿ, ದಾರಿ ಬಿಡಿ.