ದಪ್ಪಕ್ಷರದ ಮೇಡಂ

ವೈರ್‌ಲೆಸ್ ಇಲಾಖೆಯ ಆಫೀಸಿನಲ್ಲಿ ಅವಳಿಗೆ ದಪ್ಪಕ್ಷರದ ಮೇಡಂ ಎಂದೇ ಹೆಸರು. ಆಳು ನೋಡಿದರೆ ಜೋರು ಗಾಳಿಗೆ ಹಾರಿಹೋಗುವಷ್ಟು ತೆಳ್ಳಗೆ. ಹೆಸರು ಬಂದದ್ದು ಅವಳು ಇಪ್ಪತ್ತೊಂಬತ್ತು ವರ್ಷ ಕಾಯ್ದುಕೊಂಡು ಬಂದ ಪಟ್ಟಿಯಿಂದ. ಯಾವ ತರಂಗಾಂತರದಲ್ಲಿ ಯಾರು ವೈರ್‌ಲೆಸ್ ನಡೆಸಬಹುದು ಎಂದು ಹೇಳುವ ಪಟ್ಟಿ ಅದು. ಒಂದೇ ತರಂಗಾಂತರಕ್ಕೆ ಇಬ್ಬರಿದ್ದರೆ ಮೊದಲ ಹಕ್ಕಿನವರ ಹೆಸರು ದಪ್ಪಕ್ಷರದಲ್ಲಿ, ಎರಡನೇ ಹಕ್ಕಿನವರದು ತೆಳು ಅಕ್ಷರದಲ್ಲಿ. ತೆಳು ಅಕ್ಷರದವರು ದಪ್ಪಕ್ಷರದವರಿಗೆ ಅಡ್ಡಿ ಮಾಡಕೂಡದು. ಅವರಿಂದ ತಮಗೇ ಅಡ್ಡಿಯಾದರೆ ಬಾಯಿ ಮುಚ್ಚಿಕೊಂಡಿರಬೇಕು. "ನಮ್ಮನೇಲಿ ಅಕ್ಕ ದಪ್ಪಕ್ಷರ, ನಾನು ತೆಳು" ಎಂದು ಅವಳ ತಮ್ಮ ಯಾವಾಗಲೂ ಛೇಡಿಸುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ.

ಎರಡು ವರ್ಷದ ಹಿಂದೆ ಪಟ್ಟಿ ಕಂಪ್ಯೂಟರಿಗೆ ಹೋಯಿತು. ಈಗ ಕಂಪನಿಗಳ ಪರವಾಗಿ ಮನುಷ್ಯರು ಬಂದು ಕೇಳುವುದಿಲ್ಲ, ಎಐ ಏಜೆಂಟುಗಳು ಕೇಳುತ್ತವೆ. ಅವುಗಳಿಗೆಂದೇ ಇಲಾಖೆ ಒಂದು ಹುಡುಕುವ ಸಾಧನ ಮಾಡಿಸಿತು. ಏಜೆಂಟು ಪ್ರಶ್ನೆ ಹಾಕಿದರೆ ಸಾಧನ ಪಟ್ಟಿ ನೋಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತದೆ. ಪಟ್ಟಿಯನ್ನು ಅದಕ್ಕೆ ಉಣಿಸಿದವಳು ಇವಳೇ. ನಾಲ್ಕು ತಿಂಗಳು ಪುಸ್ತಕ ಪಕ್ಕಕ್ಕಿಟ್ಟುಕೊಂಡು, ಸಾಲು ಸಾಲಿಗೂ ಬೆರಳಿಟ್ಟು ತಾಳೆ ನೋಡಿ, "ಒಂದಕ್ಷರವೂ ಬಿಟ್ಟುಹೋಗಿಲ್ಲ" ಎಂದು ಬರೆದು ಸಹಿ ಹಾಕಿದ್ದಳು. ಆ ಸಹಿಯ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ತಮ್ಮನದು ಸರಕಿನ ಯಾರ್ಡಿನಲ್ಲಿ ಕ್ರೇನ್ ನಡೆಸುವ ಕೆಲಸ. ಮೇಲೆ ಹತ್ತಿ ಕೂರುವ ಕ್ರೇನ್ ಅಲ್ಲ. ಕೊರಳಿಗೆ ರಿಮೋಟ್ ಡಬ್ಬಿ ನೇತುಹಾಕಿಕೊಂಡು ನೆಲದಲ್ಲೇ ನಿಂತು ನಡೆಸುವುದು. ಹೋದ ವಾರ ಕಬ್ಬಿಣದ ತಗಡಿನ ಸುರುಳಿಯೊಂದನ್ನು ಸಾಗಿಸುತ್ತಿದ್ದಾಗ ಕ್ರೇನ್ ಗಕ್ಕನೆ ನಿಂತಿತು. ಸುರುಳಿ ತೂಗಾಡಿ ಲಾರಿಯ ಮುಂಭಾಗವನ್ನು ಅಪ್ಪಚ್ಚಿ ಮಾಡಿತು. ಚಾಲಕ ಚಹಾ ಕುಡಿಯಲು ಇಳಿದಿದ್ದ, ಬದುಕಿಕೊಂಡ. ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ ಎಂದು ಯಾರ್ಡಿನವರು ತಮ್ಮನನ್ನು ಅಮಾನತು ಮಾಡಿದರು. ಶುಕ್ರವಾರ ವಿಚಾರಣೆ. ತಪ್ಪು ಅವನದೇ ಎಂದಾದರೆ ಮುಂದೆ ಯಾವ ಯಾರ್ಡೂ ಅವನ ಕೈಗೆ ಕ್ರೇನ್ ಕೊಡುವುದಿಲ್ಲ.

"ನಾನೇನೂ ತಪ್ಪು ಒತ್ತಿಲ್ಲ ಅಕ್ಕ. ಅದು ತಾನಾಗೇ ನಿಂತ್ಹೋಯ್ತು," ಎಂದ ಅವನು, ಅವಳ ಅಡುಗೆಮನೆಯ ಕಟ್ಟೆಗೆ ಒರಗಿ.

"ಚಿಕ್ಕೋನಿದ್ದಾಗ ಕಿಟಕಿ ಗಾಜೂ ತಾನಾಗೇ ಒಡ್ದಿತ್ತು," ಎಂದಳು ಅವಳು, ತಟ್ಟೆ ತೊಳೆಯುತ್ತ.

ಅವನು ಸಿಟ್ಟಾಗಲಿಲ್ಲ. ಅದೇ ಅವಳಿಗೆ ಚುರುಕ್ಕೆಂದಿತು. ಅವನು ಫೋನ್ ತೆಗೆದು ರಿಮೋಟ್ ಡಬ್ಬಿಯ ಹಿಂಬದಿಗೆ ಅಂಟಿಸಿದ ತರಂಗಾಂತರದ ಚೀಟಿಯ ಫೋಟೋ ತೋರಿಸಿದ. "ಹೊಸ ರಿಮೋಟು, ಎರಡು ತಿಂಗಳಾಯ್ತು. ಕಂಪನಿ ಏಜೆಂಟು ನಿಮ್ಮ ಸಾಧನಾನ ಕೇಳಿಯೇ ಈ ನಂಬರ್ ಹಾಕಿಸ್ತಂತೆ."

ಅವಳು ಕೈ ಒರೆಸಿಕೊಂಡು ಸಂಖ್ಯೆ ನೋಡಿದಳು. ಪುಸ್ತಕ ಬೇಕಾಗಲಿಲ್ಲ, ಪುಟವೇ ಕಣ್ಣೆದುರು ಬಂತು. ಆಂಬುಲೆನ್ಸ್ ದಪ್ಪಕ್ಷರ, ಕ್ರೇನ್ ತೆಳು.

"ಯಾರ್ಡ್ ಹತ್ರ ಆಂಬುಲೆನ್ಸ್ ಏನಾದ್ರೂ ನಿಲ್ಲುತ್ತಾ?"

"ಹಿಂದಿನ ಬೀದೀಲೇ. ಶೆಡ್ ಹಾಕಿ ಹದಿನೈದು ದಿನ ಆಯ್ತು."

ಮರುದಿನ ಬೆಳಿಗ್ಗೆ ಅವಳು ಏಜೆಂಟು ಕೇಳುವ ಹಾಗೆಯೇ ಸಾಧನವನ್ನು ಕೇಳಿದಳು. ಉತ್ತರ ಬಂತು: ಈ ತರಂಗಾಂತರ ಆಂಬುಲೆನ್ಸ್ ವೈರ್‌ಲೆಸ್‌ಗೂ ಕ್ರೇನ್ ರಿಮೋಟ್‌ಗೂ ಹಂಚಿಕೆಯಾಗಿದೆ, ಬಳಸಬಹುದು. ಮೊದಲ ಹಕ್ಕು, ಎರಡನೇ ಹಕ್ಕು ಎಂಬ ಮಾತೇ ಇಲ್ಲ. ಅವಳು ತಾನು ಉಣಿಸಿದ ಕಡತ ತೆರೆದಳು. ಕೊಂಬು, ದೀರ್ಘ, ಒತ್ತು ಒಂದೂ ತಪ್ಪಿರಲಿಲ್ಲ. ಆದರೆ ಎಲ್ಲ ಅಕ್ಷರವೂ ಒಂದೇ ದಪ್ಪ. ಕಂಪ್ಯೂಟರ್ ಅಕ್ಷರ ಇಟ್ಟುಕೊಂಡು ದಪ್ಪವನ್ನು ಚೆಲ್ಲಿಬಿಟ್ಟಿತ್ತು. ಯಾವುದು ದಪ್ಪ ಎಂಬುದು ಅವಳಿಗೆ ಬಾಯಿಪಾಠ. ಅದಕ್ಕೇ ನಾಲ್ಕು ತಿಂಗಳು ಪರದೆಯ ಮೇಲೆ ಇಲ್ಲದ್ದೂ ಅವಳಿಗೆ ಕಂಡಿತ್ತು. ಕರ್ಮ.

ಆ ಉತ್ತರವನ್ನು ತಾರೀಖಿನ ಸಮೇತ ಪ್ರಿಂಟ್ ತೆಗೆದು ಸಾಹೇಬರ ಮುಂದಿಟ್ಟು ಎಲ್ಲ ಹೇಳಿದಳು. ಸಾಹೇಬರು ಒಳ್ಳೆಯವರು, ಒಳ್ಳೆಯವರಾದ್ದರಿಂದಲೇ ಕಷ್ಟ.

"ನಿವೃತ್ತಿಗೆ ನಲವತ್ತು ದಿನ ಇದೆ ಮೇಡಂ. ಯಾಕೆ ಮೈಮೇಲೆ ಎಳ್ಕೋತೀರಿ? ಸದ್ದಿಲ್ದೆ ಸರಿ ಮಾಡ್ಬಿಡಿ, ಯಾರಿಗೂ ಗೊತ್ತಾಗಲ್ಲ."

"ಸದ್ದಿಲ್ದೆ ಸರಿ ಮಾಡಿದ್ರೆ ಶುಕ್ರವಾರ ಅದು ಸರಿಯಾದ ಉತ್ತರಾನೇ ಕೊಡುತ್ತೆ ಸಾರ್. ಆಮೇಲೆ ನನ್ನ ತಮ್ಮನ್ನ ಯಾರು ನಂಬ್ತಾರೆ? ಇದೇ ಉತ್ತರ ಇನ್ನೆಷ್ಟು ಜನಕ್ಕೆ ಹೋಗಿದ್ಯೋ. ಸರಿ ಇವತ್ತೇ ಮಾಡ್ತೀನಿ, ಸದ್ದು ಮಾಡ್ಕೊಂಡೇ ಮಾಡ್ತೀನಿ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೇಡ ಎನ್ನಲಿಲ್ಲ.

ಮೊದಲು ಕ್ರೇನಿನ ಸಾಲು, ಆಮೇಲೆ ಉಳಿದವು. ದಪ್ಪವನ್ನು ನಂಬುವ ಸಹವಾಸವೇ ಬೇಡವೆಂದು ಪ್ರತಿ ಸಾಲಿಗೂ ಮೊದಲ ಹಕ್ಕು, ಎರಡನೇ ಹಕ್ಕು ಎಂದು ಮಾತಿನಲ್ಲೇ ಸೇರಿಸಿದಳು. ಹಳೆಯ ಉತ್ತರ ಪಡೆದ ಕಂಪನಿಗಳಿಗೆಲ್ಲ ತಿಳಿಸಿದಳು. ಕೊನೆಗೆ ಕೂತು ವಿಚಾರಣೆಗೆಂದು ಕೈಯಾರೆ ಒಂದು ಪತ್ರ ಬರೆದಳು. ಗುರುವಾರ ಸಂಜೆಯೊಳಗೆ ಅವಳ ಮೇಜಿನ ಮೇಲೆ ಕಾರಣ ಕೇಳುವ ಇಲಾಖೆಯ ನೋಟಿಸೂ ಬಂದು ಕೂತಿತ್ತು.

ಶುಕ್ರವಾರ ವಿಚಾರಣೆಯ ಅಧಿಕಾರಿ ಪತ್ರವನ್ನೂ ಪ್ರಿಂಟನ್ನೂ ಎರಡೆರಡು ಸಲ ಓದಿದರು. "ಅಕ್ಕ ತಮ್ಮನ ಪರ ಹೇಳೋದೇ," ಎಂದು ಯಾರ್ಡಿನ ಮೇಲ್ವಿಚಾರಕ ಮೂಗು ಮುರಿದ. ಹಾಗಾದರೆ ನೋಡೇಬಿಡೋಣ ಎಂದು ಅಧಿಕಾರಿ ಎಲ್ಲರನ್ನೂ ಯಾರ್ಡಿಗೆ ಕರೆದುಕೊಂಡು ಹೋಗಿ, ಬರಿಯ ಕೊಕ್ಕೆ ನೇತಾಡುತ್ತಿದ್ದ ಕ್ರೇನಿನ ಅದೇ ರಿಮೋಟನ್ನು ಆ ಮೇಲ್ವಿಚಾರಕನ ಕೊರಳಿಗೇ ಹಾಕಿಸಿದರು. ಅವನು ಕ್ರೇನ್ ನಡೆಸುತ್ತಿದ್ದಂತೆ ಹಿಂದಿನ ಬೀದಿಗೆ ಫೋನ್ ಹೋಯಿತು. ಆಂಬುಲೆನ್ಸಿನವನು ವೈರ್‌ಲೆಸ್ ತೆಗೆದು ಹಲೋ ಎಂದದ್ದೇ ತಡ, ಕ್ರೇನ್ ಗಕ್ಕನೆ ನಿಂತಿತು. ಮೇಲ್ವಿಚಾರಕ ಗುಂಡಿ ಒತ್ತಿದ, ಮತ್ತೆ ಒತ್ತಿದ.

ಅಮಾನತು ಅಲ್ಲೇ ರದ್ದಾಯಿತು. ಗೇಟಿನ ಹೊರಗೆ ತಮ್ಮ ಪತ್ರದ ಪ್ರತಿಯನ್ನು ಓದುತ್ತ ನಿಂತ. ಅದರಲ್ಲಿ ಒಂದು ಸಾಲಿನ ಮೇಲೆ ಅವಳು ಪೆನ್ನಿನಲ್ಲಿ ತಿದ್ದಿ ತಿದ್ದಿ ದಪ್ಪ ಮಾಡಿದ್ದಳು: ಕ್ರೇನ್ ನಡೆಸಿದವನು ಹೇಳಿದ್ದು ನಿಜ. ಅದರ ಕೆಳಗೆ ತೆಳ್ಳಗೆ: ತಪ್ಪು ನನ್ನದು.

"ನನ್ನ ಸಾಲು ದಪ್ಪ ಇದೆ," ಎಂದ.

"ಹೂಂ. ಅವತ್ತೇ ನಿನ್ನ ಮಾತು ನಂಬಬೇಕಿತ್ತು ಕಣೋ. ನಂಬಲಿಲ್ಲ."

ಅವನು ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಸ್ವಲ್ಪ ದೂರ ನಡೆದ ಮೇಲೆ ಹೇಳಿದ:

"ಆ ಕಿಟಕಿ ಗಾಜು ಮಾತ್ರ ನಾನೇ ಒಡ್ದಿದ್ದು ಅಕ್ಕ."