ಮೊದಲ ವಾಕ್ಯಕ್ಕೆ ಅರ್ಧ ಮೀಸೆ

ಕ್ಷೌರಿಕನಿಗೆ ಕಾದಂಬರಿ ಬರೆಯುವ ಹುಚ್ಚು ಹಿಡಿದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಅವನು ಬರೆದದ್ದು ಮೊದಲನೇ ವಾಕ್ಯ ಮಾತ್ರ. ಅಂಥವು ನೂರಾ ತೊಂಬತ್ತೊಂಬತ್ತು. ಎರಡನೆಯದಕ್ಕೆ ಕೈ ಹಾಕಲು ಮೊದಲನೆಯದು ನಿಲ್ಲಬೇಕಲ್ಲ ಸ್ವಾಮಿ!

ಅದು ನಿಂತಿತೋ ಬಿತ್ತೋ ಎಂದು ನೋಡುವ ಕ್ರಮವೂ ಅವನದೇ. ನಿವೃತ್ತ ಹೆಡ್ಮಾಸ್ಟರು ದಿನಾ ಬೆಳಿಗ್ಗೆ ಗಡ್ಡ ಹೆರೆಸಿಕೊಳ್ಳಲು ಬರುತ್ತಿದ್ದರು. ಕೆನ್ನೆಗೆ ನೊರೆ ಬಿದ್ದದ್ದೇ ತಡ, ನಿದ್ದೆ. ಆ ನಿದ್ದೆ ಕೆಡಿಸುವ ವಾಕ್ಯ ಸಿಕ್ಕರೆ ಯಾವ ಓದುಗನೂ ಪುಸ್ತಕ ಕೆಳಗಿಡಲಾರ ಎಂಬುದು ಅವನ ನಂಬಿಕೆ. ದಿನಕ್ಕೊಂದು ವಾಕ್ಯ ಓದುತ್ತಿದ್ದ, ಅವರು ಗೊರಕೆ ಹೊಡೆಯುತ್ತಿದ್ದರು, ಆ ಹಾಳೆ ಹರಿದು ಕತ್ತಿಯ ನೊರೆ ಒರೆಸುತ್ತಿದ್ದ.

ಈಗ ನೋಟ್‌ಬುಕ್ಕಿನಲ್ಲಿ ಉಳಿದದ್ದು ಒಂದೇ ಹಾಳೆ. ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಇದಕ್ಕೂ ಅವರು ಗೊರಕೆ ಹೊಡೆದ್ರೆ ಮುಗೀತು. ಇನ್ನೊಂದು ನೋಟ್‌ಬುಕ್ ಅಂಗಡಿ ಹೊಸಿಲು ದಾಟಬಾರದು. ಆಣೆ ಮಾಡಿ." ಮಾಡಿದ್ದ, ಪಾಪ. ಇವತ್ತು ಅವಳೇ ಮೂಲೆಯ ಸ್ಟೂಲಿನ ಮೇಲೆ ಟವೆಲ್ ಮಡಿಸುತ್ತ ಕಾವಲು ಕೂತಿದ್ದಳು.

ಹೆಡ್ಮಾಸ್ಟರ ಕಣ್ಣು ಮುಚ್ಚಿತು. ಕ್ಷೌರಿಕ ನೋಟ್‌ಬುಕ್ಕನ್ನು ಕನ್ನಡಿಗೆ ಆನಿಸಿಟ್ಟ. ಮೀಸೆಯ ಅಂಚು ನೇರ ಮಾಡುತ್ತಲೇ ಓದಿದ:

"ಸತ್ತು ಮೂರು ದಿನವಾಗಿದ್ದ ಅಂಚೆಯವನು ಬಾಗಿಲು ತಟ್ಟಿ, 'ರಿಜಿಸ್ಟರ್ ಕಾಗದ ಬಂದಿದೆ, ಸಹಿ ಹಾಕಿ' ಎಂದ."

"ಯಾರಿಗೆ?" ಎಂದು ಹೆಡ್ಮಾಸ್ಟರು ದಡಕ್ಕನೆ ಎದ್ದು ಕೂತರು.

ಕತ್ತಿ ಎಲ್ಲಿತ್ತೋ ಅಲ್ಲೇ ಇತ್ತು. ಎಡಗಡೆಯ ಮೀಸೆ ಇರಲಿಲ್ಲ. ಮೂವತ್ತೈದು ವರ್ಷ ಮಕ್ಕಳನ್ನು ಗಡಗಡ ನಡುಗಿಸಿದ್ದ ಮೀಸೆಯ ಅರ್ಧಭಾಗ ಅವರ ಮಡಿಲಲ್ಲಿ ಬಿದ್ದಿತ್ತು.

ಕಾದಂಬರಿ ಹಾಗಿರಲಿ, ಇನ್ನು ಅಂಗಡಿಯೂ ಉಳಿಯುವುದಿಲ್ಲ ಎಂದುಕೊಂಡ ಕ್ಷೌರಿಕ. ಹೆಡ್ಮಾಸ್ಟರು ಕನ್ನಡಿಯಲ್ಲಿ ಎಡಕ್ಕೆ ತಿರುಗಿ ನೋಡಿಕೊಂಡರು, ಬಲಕ್ಕೆ ತಿರುಗಿ ನೋಡಿಕೊಂಡರು.

"ಮೀಸೆ ಹಾಳಾಗಿ ಹೋಗ್ಲಿ, ಮತ್ತೆ ಬೆಳೆಯುತ್ತೆ. ಕಾಗದ ಯಾರಿಗೆ ಬಂದಿತ್ತು ಹೇಳಯ್ಯ."

"ಗೊತ್ತಿಲ್ಲ ಸಾರ್. ಮುಂದಿಂದು ಬರೆದಿಲ್ಲ."

"ಹಾಗಾದ್ರೆ ಇನ್ನರ್ಧ ಮುಟ್ಟಬೇಡ. ನಾಳೆ ಎರಡನೇ ವಾಕ್ಯ ಓದು, ಆಮೇಲೆ ಬೋಳಿಸು."

ಅರ್ಧ ಮೀಸೆಯಲ್ಲೇ ತಲೆಯೆತ್ತಿಕೊಂಡು ನಡುಬೀದಿಯಲ್ಲಿ ನಡೆದುಹೋದರು ಪುಣ್ಯಾತ್ಮ.

ಕ್ಷೌರಿಕ ಅಭ್ಯಾಸಬಲದಿಂದ ಹಾಳೆ ಹರಿಯಲು ಕೈ ಚಾಚಿದ. ಹೆಂಡತಿ ಆ ಕೈಗೆ ಫಟ್ಟೆಂದು ಒಂದು ಕೊಟ್ಟು, ಮಡಿಸಿದ ಟವೆಲ್ಲೊಂದನ್ನು ಮುಂದೆ ಹಿಡಿದಳು.

"ಇನ್ನು ಮೇಲೆ ಕತ್ತಿ ಇದಕ್ಕೆ ಒರೆಸಿ," ಎಂದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನನಗಾದ್ರೂ ಹೇಳಿ. ಯಾರಿಗೆ?"